ಬೆಳಕು ಅರ್ಧ, ಕರೆಂಟು ಅರ್ಧ

ಬಿಳಿ ಶರ್ಟಿನ ಮೇಲೆ ಸಾಂಬಾರ್ ಚೆಲ್ಲಿತು ಅಂದುಕೊಳ್ಳಿ. ಸೋಪು ಹಚ್ಚಿದರೆ ಹಳದಿ ಕಲೆ ಕೆಂಪಗಾಗುತ್ತೆ, ಎಷ್ಟು ಉಜ್ಜಿದರೂ ಪೂರ್ತಿ ಹೋಗಲ್ಲ. ಅದೇ ಶರ್ಟನ್ನು ಮಹಡಿ ಮೇಲೆ ಬಿಸಿಲಿಗೆ ಹರವಿ ಬಿಡಿ. ಸಂಜೆ ಹೊತ್ತಿಗೆ ಕಲೆ ಹೆಚ್ಚೂಕಮ್ಮಿ ಮಾಯ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಅನ್ನೋ ಅಣುವನ್ನು ಬಿಸಿಲು ಒಡೆದು ಹಾಕಿರುತ್ತೆ. ನಮ್ಮ ಅಜ್ಜಿಯಂದಿರಿಗೆ ಆ ಅಣುವಿನ ಹೆಸರು ಗೊತ್ತಿರಲಿಲ್ಲ, ಬಿಸಿಲಿನ ಕೆಲಸ ಗೊತ್ತಿತ್ತು.

ಇನ್ನು, ಈಗ ನಿಮ್ಮ ಕೈಯಲ್ಲಿರೋ ಫೋನು. ರಾತ್ರಿ ಚಾರ್ಜಿಗೆ ಹಾಕಿದಾಗ ಬ್ಯಾಟರಿಯೊಳಗೆ ನಡೆಯೋದೂ ರಸಾಯನ ಕ್ರಿಯೆಯೇ. ಕರೆಂಟು ಎಲೆಕ್ಟ್ರಾನ್‌ಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತೆ, ಅದರ ಜೊತೆ ಲಿಥಿಯಂ ಜಾಗ ಬದಲಾಯಿಸುತ್ತೆ.

ಅಂದರೆ ಬೆಳಕಿಗೂ ಅಣುಗಳನ್ನು ಬದಲಾಯಿಸೋ ಶಕ್ತಿ ಇದೆ, ಕರೆಂಟಿಗೂ ಇದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ, ಒಂದೇ ಸಲ ಬಳಸಿ ಔಷಧಿಯ ಅಣು ಕಟ್ಟಿದರೆ ಹೇಗೆ? ಈ ವಾರದ ಅಂಕಣ ಇದರ ಬಗ್ಗೆ. ಕೋಡ್ ಬರೆಯೋನಿಗೆ ಇದೆಲ್ಲ ಯಾಕೆ ಅಂತ ಕೇಳಬಹುದು. ನನ್ನ ಚಿಕ್ಕಪ್ಪನ ಮಗಳು ಸಾವಯವ ರಸಾಯನ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಬೆಂಗಳೂರಿನ ಒಂದು ಔಷಧ ಸಂಶೋಧನಾ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡ್ತಾಳೆ. ಹೊಸಕೋಟೆಯಲ್ಲಿ ನಮ್ಮ ಮನೆಯಲ್ಲೇ ಇರ್ತಾಳೆ. ಊಟದ ಹೊತ್ತಿನಲ್ಲಿ ಅವಳು ಹೇಳೋದು ನನ್ನ ಸ್ಪ್ರಿಂಟ್ ಮೀಟಿಂಗ್ ಕಥೆಗಿಂತ ನೂರು ಪಾಲು ಚೆನ್ನಾಗಿರುತ್ತೆ. ಒಂದ್ಸಲ ಹೇಳಿದಳು: “ಅಣ್ಣಾ, ನಿನ್ನ ಕೋಡ್ ಕೆಟ್ಟರೆ ರೀಸ್ಟಾರ್ಟ್ ಮಾಡ್ತೀಯ. ನಮ್ಮ ಫ್ಲಾಸ್ಕ್ ಕೆಟ್ಟರೆ ಬಾಗಿಲ ಕಡೆ ಓಡಬೇಕು.”

ಎಲೆಕ್ಟ್ರಾನ್ ಕಿತ್ತುಕೊಳ್ಳೋ ಕಷ್ಟ

ಒಂದು ಅಣುವನ್ನು ಇನ್ನೊಂದಾಗಿ ಬದಲಾಯಿಸಬೇಕು ಅಂದ್ರೆ ಎಷ್ಟೋ ಸಲ ಮೊದಲ ಕೆಲಸ ಒಂದೇ: ಅದರಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳೋದು, ಅಥವಾ ಅದಕ್ಕೆ ಒಂದು ಎಲೆಕ್ಟ್ರಾನ್ ಕೊಡೋದು. ಶಾಲೆಯಲ್ಲಿ ಓದಿದ ಉತ್ಕರ್ಷಣ, ಅಪಕರ್ಷಣ ಇವೇ. ಸುಮ್ಮನೆ ಕೂತಿರೋ ಅಣು ಎಲೆಕ್ಟ್ರಾನ್ ಕಳೆದುಕೊಂಡ ತಕ್ಷಣ ಚಡಪಡಿಸಿ ಪಕ್ಕದವರ ಕೈ ಹಿಡಿಯುತ್ತೆ. ಹೊಸ ಬಂಧ ಹುಟ್ಟೋದು ಹಾಗೆ.

ಕಿತ್ತುಕೊಳ್ಳೋಕೆ ಹಳೇ ದಾರಿ ಅಂದ್ರೆ ಇನ್ನೊಂದು ರಾಸಾಯನಿಕ ಸುರಿಯೋದು. ಪಿಯುಸಿ ಲ್ಯಾಬಿನ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ನೆನಪಿದೆಯಾ? ಕಿತ್ತಳೆ ಬಣ್ಣದ ಡೈಕ್ರೋಮೇಟ್? ಇವು ಎಲೆಕ್ಟ್ರಾನ್ ಕಿತ್ತುಕೊಳ್ಳೋದರಲ್ಲಿ ನಿಸ್ಸೀಮರು. ಆದರೆ ಕೆಲಸ ಮುಗಿದ ಮೇಲೆ ಮ್ಯಾಂಗನೀಸಿನ ಕಂದು ಬಗ್ಗಡ, ಕ್ರೋಮಿಯಂ ಕಲೆತ ನೀರು ಉಳಿಯುತ್ತೆ. ಎಲೆಕ್ಟ್ರಾನ್ ಕೊಡೋ ಕಡೆ ನೋಡಿದರೆ ಸೋಡಿಯಂ, ಲಿಥಿಯಂ ಲೋಹಗಳು. ನೀರು ತಾಗಿದರೆ ಏನಾಗುತ್ತೆ ಅಂತ ಎಲ್ಲರೂ ಯೂಟ್ಯೂಬಿನಲ್ಲಿ ನೋಡಿದ್ದೀರಿ.

ಉಳಿದ ಕಸದ ಲೆಕ್ಕ ಸಣ್ಣದಲ್ಲ. ರೋಜರ್ ಶೆಲ್ಡನ್ ಅನ್ನೋ ರಸಾಯನ ವಿಜ್ಞಾನಿ 1992ರಲ್ಲಿ ಒಂದು ಸರಳ ಅಳತೆ ಮುಂದಿಟ್ಟರು: ಒಂದು ಕಿಲೋ ಸರಕು ತಯಾರಿಸೋಕೆ ಎಷ್ಟು ಕಿಲೋ ಕಸ ಹುಟ್ಟುತ್ತೆ? ಪೆಟ್ರೋಲ್ ಶುದ್ಧೀಕರಣದಲ್ಲಿ ಅದು ಒಂದು ಕಿಲೋಗೂ ತೀರಾ ಕಮ್ಮಿ. ಔಷಧಿಗಳಲ್ಲಿ 25ರಿಂದ 100 ಕಿಲೋ, ಕೆಲವು ಸಲ ಅದಕ್ಕೂ ಜಾಸ್ತಿ. ಔಷಧಿಯ ಅಣುಗಳು ಜಟಿಲ, ಹೆಜ್ಜೆಗಳು ಹಲವು, ಪ್ರತಿ ಹೆಜ್ಜೆಗೂ ಒಂದಿಷ್ಟು ಕಸ.

ಎರಡನೇ ದಾರಿ ಕರೆಂಟು. ಕರೆಂಟು ಅಂದರೆ ಬಲ್ಬು ಅಂತ ನಮಗೆ ಅನ್ನಿಸುತ್ತೆ, ಆದರೆ ಈ ನಾಡಿಗೆ ಅದು ಬಂದಿದ್ದೇ ಕೈಗಾರಿಕೆಗೋಸ್ಕರ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋಗಿದ್ದು ನಮ್ಮ ಪಕ್ಕದ ಕೋಲಾರ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಇವತ್ತು ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡುಗಳಲ್ಲಿ, ಕಾರವಾರದ ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆಯಲ್ಲಿ ನಡೆಯೋದು ಕರೆಂಟಿನ ರಸಾಯನವೇ. ಸಾವಯವ ಅಣುಗಳಲ್ಲೂ ಇದು ಹೊಸದಲ್ಲ. ಜರ್ಮನಿಯ ಹರ್ಮನ್ ಕೋಲ್ಬೆ 1840ರ ದಶಕದಲ್ಲೇ ಆಮ್ಲಗಳಿಗೆ ಕರೆಂಟು ಹಾಯಿಸಿ ಇಂಗಾಲದ ಕೊಂಡಿ ಬೆಸೆದಿದ್ದರು. 1960ರ ದಶಕದಲ್ಲಿ ಮ್ಯಾನ್ಯುಯೆಲ್ ಬೈಜರ್ ಅನ್ನೋರು ಮಾನ್ಸಾಂಟೊ ಕಂಪನಿಯಲ್ಲಿ ನೈಲಾನಿಗೆ ಬೇಕಾದ ಕಚ್ಚಾವಸ್ತುವನ್ನೇ ಕರೆಂಟಿನಿಂದ ಮಾಡಿಸಿದರು.

ಮೂರನೇ ದಾರಿ ಬೆಳಕು. ಇಟಲಿಯ ಬೊಲೋನ್ಯದ ಜಾಕೊಮೊ ಚಾಮಿಚನ್ ತರತರದ ಅಣುಗಳನ್ನು ಬಿಸಿಲಿಗೆ ಒಡ್ಡಿ, ಏನಾಗುತ್ತೆ ಅಂತ ವರ್ಷಗಟ್ಟಲೆ ನೋಡಿದವರು. 1912ರಲ್ಲಿ ನ್ಯೂಯಾರ್ಕಿನಲ್ಲಿ ಮಾಡಿದ ಭಾಷಣದಲ್ಲಿ, ಕಲ್ಲಿದ್ದಲಿನ ಹೊಗೆಯ ಬದಲು ಬಿಸಿಲಿನಿಂದ ನಡೆಯೋ ಕೈಗಾರಿಕೆ ಒಂದು ದಿನ ಬರುತ್ತೆ ಅಂದರು. ನೂರು ವರ್ಷ ದಾಟಿದ ಮೇಲೆ, 2013ರಲ್ಲಿ, ಮಲೇರಿಯಾ ಔಷಧಿ ಆರ್ಟೆಮಿಸಿನಿನ್‌ನ ಒಂದು ಹೆಜ್ಜೆಯನ್ನು ದೀಪದ ಬೆಳಕಿನಲ್ಲೇ ಮಾಡೋ ಕಾರ್ಖಾನೆ ಶುರುವಾಯ್ತು. ಅದೂ ಇಟಲಿಯಲ್ಲೇ, ಗರೆಸ್ಸಿಯೊ ಅನ್ನೋ ಊರಿನಲ್ಲಿ.

ಹಾಗಾದರೆ ಎರಡೂ ಇದ್ದವಲ್ಲ, ಸೇರಿಸೋದು ಯಾಕೆ? ಯಾಕೆಂದರೆ ಒಂಟಿಯಾಗಿ ಎರಡಕ್ಕೂ ಒಂದೊಂದು ಚಟ ಇದೆ.

ಕರೆಂಟಿನ ಚಟ ಅವಸರ. ಹಟಮಾರಿ ಅಣುವಿನಿಂದ ಎಲೆಕ್ಟ್ರಾನ್ ಕೀಳೋಕೆ ವೋಲ್ಟೇಜ್ ಏರಿಸ್ತಾ ಹೋದರೆ, ಎಲೆಕ್ಟ್ರೋಡಿನ ಹತ್ತಿರ ಬಂದವರೆಲ್ಲ ಸಿಕ್ಕಿಬೀಳ್ತಾರೆ. ಎಷ್ಟೋ ಸಲ, ಆಗತಾನೇ ತಯಾರಾದ ಸರಕು ಕಚ್ಚಾವಸ್ತುಗಿಂತ ಮೆತ್ತಗಿರುತ್ತೆ. ಕಷ್ಟಪಟ್ಟು ಮಾಡಿದ್ದೇ ಮೊದಲು ಸುಟ್ಟುಹೋಗುತ್ತೆ.

ಬೆಳಕಿನ ಚಟ ಸಾಲ. ನೀಲಿ ಬೆಳಕಿನ ಒಂದು ಫೋಟಾನ್‌ನಲ್ಲಿ ಇರೋದು ಸುಮಾರು 2.7 ಎಲೆಕ್ಟ್ರಾನ್ ವೋಲ್ಟ್. ಗೋಡೆ ಗಡಿಯಾರದ ಎರಡು ಸೆಲ್ ಜೋಡಿಸಿದರೆ ಸಿಗೋ ತಳ್ಳುವಿಕೆಗಿಂತ ಸ್ವಲ್ಪ ಕಮ್ಮಿ. ಅದನ್ನು ಹೀರಿಕೊಂಡ ವೇಗವರ್ಧಕ ಯಾರದೋ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತೆ, ಸರಿ. ಕಿತ್ತುಕೊಂಡ ಎಲೆಕ್ಟ್ರಾನನ್ನು ಇನ್ಯಾರಿಗೋ ದಾಟಿಸಿ ಕೈ ಖಾಲಿ ಮಾಡಿಕೊಂಡರೆ ತಾನೇ ಮುಂದಿನ ಸುತ್ತು? ಅದನ್ನು ಹೊರೋಕೆ ಅಂತಲೇ ಇನ್ನೊಂದು ರಾಸಾಯನಿಕ ಸುರೀಬೇಕು. ಮತ್ತೆ ಕಸ.

ಸಂಪು, ಟ್ಯಾಂಕು, 3.33 ವೋಲ್ಟ್

ನಮ್ಮ ಹೊಸಕೋಟೆ ಕಡೆ ಮನೆಗಳಲ್ಲಿ ನೀರು ಹೇಗೆ ಮೇಲೇರುತ್ತೆ ಯೋಚಿಸಿ. ಬೋರ್‌ವೆಲ್ ಮೋಟರ್ ನೀರನ್ನು ಸಂಪಿಗೆ ತರುತ್ತೆ. ಸಂಪಿನಿಂದ ಇನ್ನೊಂದು ಚಿಕ್ಕ ಮೋಟರ್ ಓವರ್‌ಹೆಡ್ ಟ್ಯಾಂಕಿಗೆ ಏರಿಸುತ್ತೆ. ಎರಡು ಮೆಟ್ಟಿಲು. ಒಂದೇ ಮೋಟರಿನಲ್ಲಿ ಪಾತಾಳದಿಂದ ಮೂರನೇ ಮಹಡಿಗೆ ಒತ್ತಿದರೆ ಹಳೇ ಜಾಯಿಂಟ್‌ಗಳು ಪಟಪಟ ಬಿಟ್ಟುಕೊಳ್ತಾವೆ.

ಬೆಳಕು ಮತ್ತು ಕರೆಂಟಿನ ಜೋಡಿ ಮಾಡೋದು ಹೆಚ್ಚೂಕಮ್ಮಿ ಇದನ್ನೇ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಟ್ರಿಸ್ಟನ್ ಲ್ಯಾಂಬರ್ಟ್ ತಂಡ 2019ರಲ್ಲಿ ಇದನ್ನು ಚೆನ್ನಾಗಿ ತೋರಿಸಿತು. ಅವರ ವೇಗವರ್ಧಕ ಒಂದು ಮೂರು ಇಂಗಾಲದ ಪುಟ್ಟ ಉಂಗುರ, ಸುತ್ತ ಮೂರು ಅಮೈನ್ ಗುಂಪು. ಅದರಿಂದ ಎಲೆಕ್ಟ್ರಾನ್ ತೆಗೆಯೋಕೆ ಕರೆಂಟಿಗೆ 1.26 ವೋಲ್ಟ್ ಸಾಕು. ಇದು ಸಂಪು. ಎಲೆಕ್ಟ್ರಾನ್ ಕಳೆದುಕೊಂಡ ಮೇಲೆ ಅದಕ್ಕೆ ಕೆಂಪು ಬಣ್ಣ ಬರುತ್ತೆ. ಬಣ್ಣ ಬಂತು ಅಂದರೆ ಬೆಳಕು ಹೀರುತ್ತೆ ಅಂತ ಅರ್ಥ. ಬೆಳಕು ಬಿದ್ದಾಗ ಅದರ ಎಳೆಯೋ ಶಕ್ತಿ 3.33 ವೋಲ್ಟ್‌ಗೆ ಏರುತ್ತೆ. ಇದು ಟ್ಯಾಂಕು.

ಬೆನ್ಜೀನ್ ಗೊತ್ತಲ್ಲ, ಆರು ಇಂಗಾಲದ ಷಟ್ಕೋನ, ಯಾರ ಮಾತಿಗೂ ಬಗ್ಗದ ಅಣು. ಅದರ ಎಲೆಕ್ಟ್ರಾನ್ ಕೀಳೋಕೆ ಇದೇ ಅಳತೆಯಲ್ಲಿ ಸುಮಾರು 2.5 ವೋಲ್ಟ್ ಬೇಕು. 1.26ರಲ್ಲಿ ಅದು ಕದಲೋದೇ ಇಲ್ಲ, 3.33ರಲ್ಲಿ ಬಗ್ಗುತ್ತೆ. ಲ್ಯಾಂಬರ್ಟ್ ತಂಡ ಬೆನ್ಜೀನಿಗೆ ಪೈರಜೋಲ್ ಅನ್ನೋ ಸಾರಜನಕದ ಉಂಗುರವನ್ನು ನೇರವಾಗಿ ಜೋಡಿಸಿತು. ಇಂಥ ಉಂಗುರಗಳು ಔಷಧಿಗಳಲ್ಲಿ ತುಂಬಾ ಸಿಗ್ತವೆ. ಆ ಕಡೆ ಕ್ಯಾಥೋಡಿನಲ್ಲಿ ಎದ್ದಿದ್ದು ಬರೀ ಜಲಜನಕದ ಗುಳ್ಳೆ. ಪರ್ಮಾಂಗನೇಟೂ ಇಲ್ಲ, ಕ್ರೋಮಿಯಮ್ಮೂ ಇಲ್ಲ.

ಇಲ್ಲಿ ನನಗೆ ಹಿಡಿಸಿದ ಅಂಶ ಒಂದಿದೆ. ಪಾತ್ರೆಯಲ್ಲಿ ಇರೋ ಉಳಿದವರಿಗೆಲ್ಲ ಎಲೆಕ್ಟ್ರೋಡ್ ತೋರಿಸೋದು ಕಡಿಮೆ ವೋಲ್ಟೇಜ್ ಮಾತ್ರ. 3.33ರ ಎತ್ತರ ಇರೋದು ಬೆಳಕು ಹೀರಿದ ಆ ಒಂದು ವೇಗವರ್ಧಕದ ಅಣುವಿನಲ್ಲಿ, ಅದೂ ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಪಾಲು ಕಮ್ಮಿ ಹೊತ್ತು. ಅಡ್ಮಿನ್ ಪಾಸ್‌ವರ್ಡನ್ನು ಇಡೀ ಆಫೀಸಿಗೆ ಹಂಚೋದಕ್ಕೂ, ಒಬ್ಬ ನಂಬಿಕಸ್ತನಿಗೆ ಎರಡು ನಿಮಿಷಕ್ಕೆ ಕೊಡೋದಕ್ಕೂ ಇರೋ ವ್ಯತ್ಯಾಸ ಇದು.

ಈ ಐಡಿಯಾ ಕೂಡ ದಿಢೀರ್ ಅಂತ ಹುಟ್ಟಿದ್ದಲ್ಲ. ಫ್ರಾನ್ಸಿನ ಮೂಟೆ ಮತ್ತು ರೆವೆರ್ಡಿ ಅನ್ನೋ ಇಬ್ಬರು 1979ರಲ್ಲೇ ಫೀನೋಥಯಾಜಿನ್ ಅನ್ನೋ ಅಣುವಿನಿಂದ ಎಲೆಕ್ಟ್ರಾನ್ ಕಿತ್ತು, ಅದರ ಮೇಲೆ ಬೆಳಕು ಬಿಟ್ಟು ನೋಡಿದ್ದರು. ಆಮೇಲೆ ಸುಮಾರು ನಲವತ್ತು ವರ್ಷ ಈ ದಾರಿಯಲ್ಲಿ ಓಡಾಟ ಕಡಿಮೆ. ಕಾರಣಗಳಲ್ಲಿ ಒಂದು ನಮಗೆಲ್ಲ ಪರಿಚಯದ್ದೇ: ಎಲ್‌ಇಡಿ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ನೊಬೆಲ್ ಬಂತು. ಅದು ಅಗ್ಗವಾದ ಮೇಲೆ, ಬೇಕಾದ ಬಣ್ಣದ ಬೆಳಕು ಕಡಿಮೆ ಬಿಸಿಯಲ್ಲಿ ಪ್ರತಿ ಲ್ಯಾಬಿನ ಮೇಜಿಗೂ ಬಂತು.

ಎಲೆಕ್ಟ್ರಾನ್ ಕೊಡೋ ಕಡೆಯೂ ಇದೇ ಆಟ ನಡೀತು. 2020ರಲ್ಲಿ ಸಾಂಗ್ ಲಿನ್ ಮತ್ತು ಲ್ಯಾಂಬರ್ಟ್ ತಂಡ ಒಂದು ಅಣುವಿನಿಂದ, ವಿಸ್ಕಾನ್ಸಿನ್‌ನ ಜ್ಯಾಕರಿ ವಿಕೆನ್ಸ್ ತಂಡ ಇನ್ನೊಂದು ಅಣುವಿನಿಂದ, ಕ್ಲೋರೀನ್ ಅಂಟಿಕೊಂಡ ಹಟಮಾರಿ ಉಂಗುರಗಳಿಗೆ ಎಲೆಕ್ಟ್ರಾನ್ ಕೊಟ್ಟರು. ಲಿನ್, ಲ್ಯಾಂಬರ್ಟ್ ಲೆಕ್ಕದಲ್ಲಿ ಮುಟ್ಟಿದ್ದು ಮೈನಸ್ 3.2 ವೋಲ್ಟ್. ಇದು ಲಿಥಿಯಂ ಲೋಹದ ಹತ್ತಿರಹತ್ತಿರದ ತಾಕತ್ತು, ಆದರೆ ಬೆಂಕಿ ಹಚ್ಚಿಕೊಳ್ಳೋ ಲೋಹ ಪಾತ್ರೆಯಲ್ಲಿ ಇಲ್ಲ. ಇದನ್ನು ಓದಿ ಹೇಳಿದಾಗ ನನ್ನ ತಂಗಿಯ ಮುಖ ನೋಡಬೇಕಿತ್ತು. ಬಾಗಿಲ ಕಡೆ ಓಡೋ ಕಥೆ ಹೇಳಿದವಳು ಅವಳೇ ತಾನೆ.

ಬಿ-ಕಾಂಪ್ಲೆಕ್ಸ್ ಮಾತ್ರೆ ಮತ್ತು ಸಂಡೂರಿನ ಕೆಂಪು ಮಣ್ಣು

ಜೋಡಿಯ ಇನ್ನೂ ಎರಡು ರೂಪಗಳಿವೆ. ಎರಡರಲ್ಲೂ ನಮಗೆ ಗೊತ್ತಿರೋ ವಸ್ತುಗಳೇ ನಾಯಕರು.

ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗಿದ ಮೇಲೆ ಮೂತ್ರ ಗಾಢ ಹಳದಿ ಬಂದು ಹೆದರಿದವರು ಎಷ್ಟೋ ಜನ. ಆ ಬಣ್ಣ ರೈಬೋಫ್ಲೇವಿನ್, ಅಂದರೆ ವಿಟಮಿನ್ ಬಿ2. ಹಳದಿ ಯಾಕೆ? ನೀಲಿ ಬೆಳಕು ಹೀರುತ್ತೆ ಅದಕ್ಕೆ. ಹಾಲಿನಲ್ಲೂ ಇದು ಇದೆ. ಹಾಲನ್ನು ಗಾಜಿನ ಬಾಟಲಿಯಲ್ಲಿ ಬಿಸಿಲಿಗಿಟ್ಟರೆ ರುಚಿ ಕೆಡೋದರ ಹಿಂದೆ ಇದರ ಕೈವಾಡವೂ ಇದೆ. ಬೆಳಕು ಬಿದ್ದಾಗ ರೈಬೋಫ್ಲೇವಿನ್ ಬೇರೆ ಅಣುಗಳ ಎಲೆಕ್ಟ್ರಾನ್ ಎಳೆದುಕೊಳ್ಳುತ್ತೆ. ಮೊದಲು ಕೈ ಖಾಲಿ ಮಾಡೋಕೆ ಅದಕ್ಕೆ ಆಮ್ಲಜನಕ ಬೇಕಿತ್ತು, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿ ತೊಂದರೆ ಕೊಡ್ತಿತ್ತು. ಸಾಂಗ್ ಲಿನ್ ತಂಡ 2020ರಲ್ಲಿ ಆ ಕೆಲಸವನ್ನು ಎಲೆಕ್ಟ್ರೋಡಿಗೆ ಒಪ್ಪಿಸಿತು. ಸಲ್ಫರ್ ಇರೋ ಒಂದು ಸಹಾಯಕ ಅಣುವನ್ನೂ ಸೇರಿಸಿ, ಸುಲಭಕ್ಕೆ ಮಣಿಯದ ಆಲ್ಕೋಹಾಲ್‌ಗಳನ್ನು ಬದಲಾಯಿಸಿತು. ಇಲ್ಲಿ ಮೆಟ್ಟಿಲ ಮೇಲೆ ಮೆಟ್ಟಿಲು ಇಲ್ಲ. ಬೆಳಕು ಒಂದು ಕೆಲಸ ಮಾಡುತ್ತೆ, ಕರೆಂಟು ಅದರ ಕೈ ಖಾಲಿ ಮಾಡಿಕೊಡುತ್ತೆ.

ಇದನ್ನು ಕೇಳಿದಾಗ ನನಗೆ ನೆನಪಾಗಿದ್ದು ನಮ್ಮೂರಿನ ದಮ್ ಬಿರಿಯಾನಿ. ಬೆಳಗಿನ ಜಾವ ಅದಕ್ಕೋಸ್ಕರ ಬೆಂಗಳೂರಿನಿಂದ ಕಾರು ಹಾಕಿಕೊಂಡು ಬರೋ ಓದುಗರೂ ಇಲ್ಲಿದ್ದೀರಿ ಅಂತ ಗೊತ್ತು. ದಮ್ ಕಟ್ಟುವಾಗ ಕೆಳಗೆ ಸಣ್ಣ ಉರಿ, ಮುಚ್ಚಳದ ಮೇಲೆ ಕೆಂಡ. ಬರೀ ಕೆಳಗಿನಿಂದ ಜೋರು ಉರಿ ಕೊಟ್ಟರೆ ತಳ ಹಿಡಿಯುತ್ತೆ. ಬರೀ ಮೇಲಿನ ಕೆಂಡದಿಂದ ಮಾಂಸ ಬೇಯಲ್ಲ. ಎರಡೂ ಹದವಾಗಿ ಇದ್ದರೆ ಅಕ್ಕಿ ಒಡೆಯದೆ ಬೇಯುತ್ತೆ.

ಇನ್ನೊಂದು ರೂಪದಲ್ಲಿ ಎಲೆಕ್ಟ್ರೋಡೇ ಬೆಳಕು ಹೀರುತ್ತೆ. ಸ್ವಿಟ್ಜರ್‌ಲ್ಯಾಂಡಿನ ಲೊಸಾನ್‌ನಲ್ಲಿ ಶಿಲೆ ಹು ಅವರ ತಂಡ 2019ರಲ್ಲಿ ಬಳಸಿದ್ದು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಬಳ್ಳಾರಿ, ಸಂಡೂರಿನ ಗುಡ್ಡಗಳಿಂದ ಲಾರಿಗಟ್ಟಲೆ ಹೋಗುವ ಅದಿರಿನ ಮುಖ್ಯ ಖನಿಜ ಅದೇ. ಆ ದಾರಿಯಲ್ಲಿ ಓಡಾಡಿದವರ ಬಟ್ಟೆಗೆ ಹತ್ತಿದ ಕೆಂಪು ಧೂಳೂ ಅದೇ. ಅದರ ತೆಳು ಪದರದ ಮೇಲೆ ಬೆಳಕು ಬಿಟ್ಟು, ಜೊತೆಗೆ ಸ್ವಲ್ಪ ವೋಲ್ಟೇಜ್ ಕೊಟ್ಟಾಗ, ಬೆನ್ಜೀನಿನ ಜಾತಿಯ ಅಣುಗಳಿಗೆ ಸಾರಜನಕ ಜೋಡಿಸೋಕೆ ಸಾಧ್ಯವಾಯ್ತು. ಪ್ಲಾಟಿನಂ, ಇರಿಡಿಯಂ ತರದ ದುಬಾರಿ ಲೋಹಗಳ ಜಾಗದಲ್ಲಿ ಕೆಂಪು ಮಣ್ಣಿನ ಖನಿಜ!

ಯಶವಂತಪುರದ ಪಕ್ಕದ ಕಥೆ

ಇದೆಲ್ಲ ಹೊರದೇಶದ ಮಾತಾಯ್ತು, ನಮ್ಮಲ್ಲಿ? ಬೆಳಕಿನ ರಸಾಯನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಒಳ್ಳೇ ಇತಿಹಾಸ ಇದೆ. ಯಶವಂತಪುರ, ಮಲ್ಲೇಶ್ವರದ ಕಡೆ ಬಸ್ಸಿನಲ್ಲಿ ಹೋಗ್ತಾ ನಾವು ‘ಟಾಟಾ ಇನ್‌ಸ್ಟಿಟ್ಯೂಟ್’ ಅಂತ ಕರೆಯೋ ಅದೇ ಹಸಿರು ಕ್ಯಾಂಪಸ್. 1970ರ ದಶಕದ ಕೊನೆಯಿಂದ ಸುಮಾರು ಹತ್ತು ವರ್ಷ ಅಲ್ಲಿದ್ದ ವಿ. ರಾಮಮೂರ್ತಿ, ಸಹೋದ್ಯೋಗಿ ಕೆ. ವೆಂಕಟೇಶನ್ ಜೊತೆ ಹರಳುಗಳ ಮೇಲೆ ಬೆಳಕು ಬಿಟ್ಟರೆ ಏನಾಗುತ್ತೆ ಅಂತ ಹುಡುಕಿದರು. ಕೂಮರಿನ್ ಅನ್ನೋ ಸುವಾಸನೆಯ ಅಣುವಿನ ಬಗೆಬಗೆಯ ರೂಪಗಳ ಹರಳು ಮಾಡಿ ಬೆಳಕಿಗೆ ಇಟ್ಟರು. ಹರಳಿನೊಳಗೆ ಅಣುಗಳು ಯಾವ ಸಾಲಿನಲ್ಲಿ, ಎಷ್ಟು ಹತ್ತಿರ ಕೂತಿವೆ ಅನ್ನೋದರ ಮೇಲೆ ಯಾರು ಯಾರ ಜೊತೆ ಜೋಡಿಯಾಗ್ತಾರೆ ಅಂತ ತೀರ್ಮಾನ ಆಗುತ್ತೆ. ಈ ಕೆಲಸ 1985ರಲ್ಲಿ ಪ್ರಕಟವಾಯ್ತು. 1987ರಲ್ಲಿ ಇಬ್ಬರೂ ಸೇರಿ ಬರೆದ ದೊಡ್ಡ ಸಮೀಕ್ಷಾ ಲೇಖನ ಆ ಕ್ಷೇತ್ರದವರು ಮತ್ತೆಮತ್ತೆ ಹುಡುಕಿಕೊಂಡು ಹೋಗೋ ಬರಹ.

ಗಮನಿಸಿ, ಅಲ್ಲಿ ದ್ರಾವಕವೇ ಇಲ್ಲ. ಗಟ್ಟಿ ಹರಳು, ಮೇಲೆ ಬೆಳಕು, ಅಷ್ಟೇ. ಔಷಧಿ ಕಾರ್ಖಾನೆಯ ಕಸದಲ್ಲಿ ಬಹುಪಾಲು ದ್ರಾವಕವೇ ಅನ್ನೋದು ಗೊತ್ತಾದ ಮೇಲೆ ಈ ಹಳೇ ಕೆಲಸ ಇನ್ನೂ ದೊಡ್ಡದಾಗಿ ಕಾಣುತ್ತೆ.

ಅದೇ ಕ್ಯಾಂಪಸ್ಸಿನ ಇನ್ನೊಂದು ವಿಭಾಗದಲ್ಲಿ ಎಸ್.ಕೆ. ರಂಗರಾಜನ್ ಎಲೆಕ್ಟ್ರೋಡಿನ ಮೈಮೇಲೆ ನಡೆಯೋ ಕ್ರಿಯೆಗಳಿಗೆ ಗಣಿತ ಬರೆದರು. ಅವರು ಅದಕ್ಕೂ ಮೊದಲು ತಮಿಳುನಾಡಿನ ಕಾರೈಕುಡಿಯಲ್ಲಿದ್ದವರು. ಕರೆಂಟಿನ ರಸಾಯನಕ್ಕೆಂದೇ ಒಂದು ಕೇಂದ್ರ ಸರ್ಕಾರಿ ಸಂಸ್ಥೆ ಅಲ್ಲಿ 1953ರಿಂದ ಇದೆ. ಅಂದರೆ ಬೆಳಕಿನವರೂ ಇದ್ದರು, ಕರೆಂಟಿನವರೂ ಇದ್ದರು, ಬೇರೆ ಬೇರೆ ಕಟ್ಟಡಗಳಲ್ಲಿ. ಪ್ರಪಂಚದಲ್ಲೆಲ್ಲ ಹೀಗೇ ಇತ್ತು. ಬೆಳಕು ಕಲಿತವರು ವೋಲ್ಟ್ ಮೀಟರ್ ಮುಟ್ಟಲ್ಲ, ಎಲೆಕ್ಟ್ರೋಡ್ ಕಲಿತವರು ದೀಪ ಹಚ್ಚಲ್ಲ. ಈಗಿನ ಹೊಸತನ ಅಂದರೆ ಮುಖ್ಯವಾಗಿ ಈ ಎರಡು ಕಟ್ಟಡಗಳ ಮಧ್ಯೆ ಬಾಗಿಲು ತೆಗೆದದ್ದು.

ಲೆಕ್ಕ ಹಾಕಿ ನೋಡೋಣ

ಎಂಜಿನಿಯರಿಂಗ್ ಓದಿದವರಿಗೆ ಒಂದು ಖುಷಿ ಲೆಕ್ಕ. ನಿಮ್ಮ ಫೋನಿನ ಬ್ಯಾಟರಿ 5000 ಎಂಎಎಚ್ ಇದ್ದರೆ, ಪೂರ್ತಿ ಚಾರ್ಜಿನಲ್ಲಿ 18,000 ಕೂಲಂಬ್. ಒಂದು ಮೋಲ್ ಎಲೆಕ್ಟ್ರಾನ್ ಅಂದರೆ 96,485 ಕೂಲಂಬ್. ಭಾಗಿಸಿದರೆ ಸುಮಾರು 0.19 ಮೋಲ್. ಒಂದು ಅಣು ತಯಾರಾಗೋಕೆ ಎರಡು ಎಲೆಕ್ಟ್ರಾನ್ ಬೇಕು, ಒಂದೂ ವ್ಯರ್ಥವಾಗಲ್ಲ ಅಂತ ಇಟ್ಟುಕೊಂಡರೆ, ಪ್ಯಾರಾಸಿಟಮಾಲ್‌ನಷ್ಟು ತೂಕದ ಅಣು ಸುಮಾರು 14 ಗ್ರಾಂ ಸಿಗುತ್ತೆ. 500 ಮಿಲಿಗ್ರಾಂ ಮಾತ್ರೆ ಲೆಕ್ಕದಲ್ಲಿ 28. ಒಂದು ಫೋನ್ ಚಾರ್ಜಿನಲ್ಲಿ! ಪ್ಯಾರಾಸಿಟಮಾಲ್ ಹೀಗೆ ಮಾಡಲ್ಲ, ಇದು ಬರೀ ಎಲೆಕ್ಟ್ರಾನ್ ಎಣಿಕೆ. ಆದರೂ ಎಲೆಕ್ಟ್ರಾನ್ ಎಷ್ಟು ಅಗ್ಗದ ಸಾಮಾನು ಅಂತ ತಿಳಿಯುತ್ತೆ.

ಆ ಕರೆಂಟು ಎಲ್ಲಿಂದ ಬರುತ್ತೆ ಅನ್ನೋದೂ ಮುಖ್ಯ. ಕಲ್ಲಿದ್ದಲು ಸುಟ್ಟು ತಂದು ‘ಹಸಿರು ರಸಾಯನ’ ಅಂದರೆ ನಗು ಬರುತ್ತೆ. ನಮ್ಮ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ, ಸುಮಾರು 13,000 ಎಕರೆ. ಮಳೆ ಕೈಕೊಟ್ಟ ನೆಲದ ಬಿಸಿಲು ಅಲ್ಲಿ ಕರೆಂಟಾಗುತ್ತೆ. ಅದೇ ಕರೆಂಟಿನಲ್ಲಿ ಅರ್ಧ ಎಲೆಕ್ಟ್ರೋಡಿಗೆ ಹೋಗಿ, ಇನ್ನರ್ಧ ಎಲ್‌ಇಡಿಯಲ್ಲಿ ಮತ್ತೆ ಬೆಳಕಾಗಬಹುದು. ಚಾಮಿಚನ್ 1912ರಲ್ಲಿ ಹೇಳಿದ ಕನಸು ಸ್ವಲ್ಪ ಸುತ್ತುಬಳಸಿನ ದಾರಿಯಲ್ಲಿ ಬರ್ತಿದೆ.

ಹಾಗಾದರೆ ತೊಂದರೆ ಏನೂ ಇಲ್ವಾ?

ಇದೆ, ಬೇಕಾದಷ್ಟಿದೆ. ಮೊದಲನೇದು, ಬೆಳಕು ಆಳಕ್ಕೆ ಇಳಿಯಲ್ಲ. ಗಾಢ ಬಣ್ಣದ ದ್ರಾವಣದಲ್ಲಿ ಮೊದಲ ಕೆಲವು ಮಿಲಿಮೀಟರಿನಲ್ಲೇ ಎಲ್ಲ ಹೀರಿಹೋಗುತ್ತೆ. ಚಿಕ್ಕ ಬಾಟಲಿಯಲ್ಲಿ ಗೆದ್ದಿದ್ದು ದೊಡ್ಡ ಟ್ಯಾಂಕಿನಲ್ಲಿ ಸೋಲುತ್ತೆ. ಕರೆಂಟಿಗೂ ಎಲೆಕ್ಟ್ರೋಡಿನ ಮೈ ಬೇಕು, ಟ್ಯಾಂಕ್ ದೊಡ್ಡದಾದಷ್ಟೂ ಆ ಮೈ ದೂರವಾಗುತ್ತೆ. ಅದಕ್ಕೇ ತೆಳು ನಾಲೆಗಳಲ್ಲಿ ದ್ರಾವಣ ಹರಿಸುತ್ತಾ, ಒಂದು ಪಕ್ಕ ಬೆಳಕು, ಇನ್ನೊಂದು ಪಕ್ಕ ಎಲೆಕ್ಟ್ರೋಡ್ ಇಡೋ ಪ್ರಯತ್ನ ನಡೀತಿದೆ.

ಎರಡನೇದು, ದ್ರಾವಣದಲ್ಲಿ ಕರೆಂಟು ಹರಿಯೋಕೆ ಉಪ್ಪಿನಂಥ ಒಂದು ವಸ್ತು ಹಾಕಬೇಕು, ಕೆಲಸ ಮುಗಿದ ಮೇಲೆ ಅದನ್ನು ಬೇರ್ಪಡಿಸಬೇಕು. ದ್ರಾವಕವೂ ಹಾಗೇ ಇದೆ. ಕಸದ ಒಂದು ಪಾಲು ಕಮ್ಮಿಯಾಗುತ್ತೆ, ಎಲ್ಲವೂ ಅಲ್ಲ.

ಮೂರನೇದು ನನಗೆ ತುಂಬಾ ಇಷ್ಟವಾದ ತಕರಾರು. ಹಾರ್ವರ್ಡಿನ ಡೇನಿಯಲ್ ನೊಸೆರಾ ತಂಡ 2021ರಲ್ಲಿ ಆ ವಿಕೆನ್ಸ್ ತಂಡದ ಅಣುವನ್ನು ಕೂಲಂಕಷವಾಗಿ ಪರೀಕ್ಷಿಸಿತು. ಎಲೆಕ್ಟ್ರಾನ್ ಪಡೆದ ಅಣುವಿಗೆ ಬೆಳಕು ಬಿದ್ದು ಕೆಲಸ ಆಗ್ತಿದೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವರ ಪ್ರಕಾರ ನಿಜವಾದ ಕೆಲಸಗಾರ ಆ ಅಣುವಿನಿಂದ ಪಾತ್ರೆಯಲ್ಲೇ ಹುಟ್ಟಿದ ಇನ್ನೊಂದು ವಸ್ತು. ಕೋಡ್ ಸರಿಯಾಗಿ ಓಡ್ತಿದೆ, ಆದರೆ ನಾವು ಅಂದುಕೊಂಡ ಫಂಕ್ಷನ್ ಅಲ್ಲ, ಬೇರೆ ಯಾವುದೋ ಕರೆ ಆಗ್ತಿದೆ! ರಿಸಲ್ಟ್ ಬಂತಲ್ಲ ಬಿಡು ಅಂತ ಸುಮ್ಮನಿರದೆ ಲಾಗ್ ತೆಗೆದು ನೋಡೋರು ಪ್ರತಿ ಕ್ಷೇತ್ರಕ್ಕೂ ಬೇಕು.

ಇಷ್ಟಿದ್ದರೂ ಕೆಲಸ ಮುಂದೆ ಹೋಗ್ತಾನೇ ಇದೆ. 2021ರಲ್ಲೇ ಲ್ಯಾಂಬರ್ಟ್ ತಂಡ, ಅಕ್ಕಪಕ್ಕದ ಎರಡು ಇಂಗಾಲಗಳ ಮೇಲೆ ಎರಡು ಸಾರಜನಕವನ್ನು ಒಂದೇ ಪಾತ್ರೆಯಲ್ಲಿ ಕೂರಿಸೋ ವಿಧಾನವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅಂಥ ಜೋಡಣೆ ಬಹಳ ಔಷಧಿಗಳಲ್ಲಿದೆ. ಮಾಮೂಲಿ ದಾರಿಯಲ್ಲಿ ಅದಕ್ಕೆ ಹಲವು ಹೆಜ್ಜೆ ಬೇಕು.

ಮನೆಯೊಳಗಿನ ಮಾತು

ಈ ವಿಷಯ ನಮ್ಮ ಮನೆಯಲ್ಲಿ ಬರೀ ಕುತೂಹಲವಾಗಿ ಉಳಿಯಲಿಲ್ಲ. ಎರಡು ವರ್ಷ ಕೆಲಸ ಮಾಡಿದ ಮೇಲೆ ತಂಗಿ, ಪಿಎಚ್‌.ಡಿ. ಮಾಡ್ತೀನಿ, ನೆಟ್ ಪರೀಕ್ಷೆ ಬರೀತೀನಿ ಅಂದಳು. ಓದಬೇಕಾದ್ದು ಇದೇ ಕ್ಷೇತ್ರ, ಬೆಳಕು ಮತ್ತು ಕರೆಂಟು ಸೇರಿಸೋದು. ಚಿಕ್ಕಪ್ಪ ನನಗೆ ಫೋನ್ ಮಾಡಿದರು. “ನೀನಾದ್ರೂ ಹೇಳಪ್ಪ ಅವಳಿಗೆ. ಬರ್ತಾ ಇರೋ ಸಂಬಳ ಬಿಟ್ಟು ಮತ್ತೆ ಐದು ವರ್ಷ ಓದ್ತಾಳಂತೆ. ಇಲ್ಲಾಂದ್ರೆ ನಿನ್ನ ಥರ ಸಾಫ್ಟ್‌ವೇರ್ ಕೋರ್ಸಾದ್ರೂ ಮಾಡ್ಲಿ.”

ಚಿಕ್ಕಪ್ಪನ ಆತಂಕ ಸುಳ್ಳಲ್ಲ. ಅವರದು ಸೂಲಿಬೆಲೆ ಕಡೆ ಒಂದೂವರೆ ಎಕರೆ ಜಮೀನು. ಮನೆ ಸಾಲದ ಕಂತಿನಲ್ಲಿ ಒಂದು ಪಾಲು ಮಗಳ ಸಂಬಳದಿಂದ ಹೋಗುತ್ತೆ. ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ, ಆದರೆ ಅದು ಸಿಕ್ಕಮೇಲೆ ತಾನೇ? ಸಿಕ್ಕರೂ ಕೆಲವು ಸಲ ಕೈಗೆ ಬರೋದು ತಡ. ಐದು ವರ್ಷ ಕಳೆದ ಮೇಲೆ ಕೆಲಸ ಎಲ್ಲಿ ಅಂತ ಯಾರೂ ಬರೆದುಕೊಡಲ್ಲ. ನನ್ನ ಹತ್ತಿರವೂ ಇದಕ್ಕೆ ಸಿದ್ಧ ಉತ್ತರ ಇರಲಿಲ್ಲ. ಅವಳು ಯಾವುದಕ್ಕೆ ಐದು ವರ್ಷ ಕೊಡ್ತೀನಿ ಅಂತಿದ್ದಾಳೋ ಅದನ್ನೇ ಮೊದಲು ತಿಳ್ಕೊಳ್ಳೋಣ ಅಂತ ಎರಡು ತಿಂಗಳು ಓದಿದೆ. ಮೇಲೆ ಬರೆದಿದ್ದೆಲ್ಲ ಆ ಓದಿನಿಂದಲೇ ಬಂದದ್ದು.

ಚಿಕ್ಕಪ್ಪನಿಗೆ ನಾನು ಹೇಳಿದ್ದು ಮೂರೇ ಮಾತು. ಒಂದು, ಇದು ಗಾಳಿ ಮಾತಲ್ಲ. ಔಷಧಿ ಮಾಡೋ ಕೆಲಸ ಬೆಂಗಳೂರಿನ ಸುತ್ತಮುತ್ತಲೇ ದಂಡಿಯಾಗಿದೆ. ಕಸ ಕಮ್ಮಿ ಮಾಡೋ ದಾರಿ ಗೊತ್ತಿರೋರು ಅವರಿಗೆ ಇಂದಲ್ಲ ನಾಳೆ ಬೇಕೇ ಬೇಕು. ಎರಡು, ಈ ಕ್ಷೇತ್ರಕ್ಕೆ ಅಣುವೂ ಗೊತ್ತಿರಬೇಕು, ಸರ್ಕ್ಯೂಟೂ ಗೊತ್ತಿರಬೇಕು. ಎರಡೂ ಗೊತ್ತಿರೋರು ಕಮ್ಮಿ. ಅವಳು ಈಗಾಗಲೇ ನನ್ನ ಹತ್ತಿರ ಕೂತು, ಕರೆಂಟ್ ಸ್ಥಿರ ಇಡೋದಕ್ಕೂ ವೋಲ್ಟೇಜ್ ಸ್ಥಿರ ಇಡೋದಕ್ಕೂ ಏನು ವ್ಯತ್ಯಾಸ ಅಂತ ಕಲಿತಿದ್ದಾಳೆ, ಪೈಥಾನ್‌ನಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೀತಾಳೆ. ಮೂರು, ಗ್ಯಾರಂಟಿ ನಾನು ಕೊಡಲಾರೆ. ಅವಳ ಪಾಲಿನ ಕಂತು ಒಂದು ವರ್ಷ ನಾನು ಕಟ್ತೀನಿ, ಅಷ್ಟು ಮಾತ್ರ ನನ್ನ ಕೈಲಿದೆ.

ಚಿಕ್ಕಪ್ಪ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. “ಅವಳು ಅಷ್ಟೆಲ್ಲ ಓದ್ತಾಳಾ?” ಅಂದರು. ಈಗ ಅವಳು ಕೆಲಸ ಬಿಡದೆ ರಾತ್ರಿ ಓದ್ತಾ ಇದ್ದಾಳೆ. ರಿಸಲ್ಟ್ ಬಂದ ಮೇಲೆ ಮುಂದಿನ ಮಾತು.

ನಮ್ಮ ಓದುಗರಲ್ಲಿ ಬಹಳ ಜನ ಐಟಿಯವರು. ನಿಮ್ಮ ಮನೆಯಲ್ಲೂ ಬಿ.ಎಸ್ಸಿ., ಎಂ.ಎಸ್ಸಿ. ಮಾಡಿದ ತಂಗಿಯೋ, ತಮ್ಮನೋ, ನಾದಿನಿಯೋ ಇರಬಹುದು. ‘ನಮ್ಮ ಕಡೆ ಯಾಕೆ ಬರಬಾರದು’ ಅನ್ನೋದು ನಮ್ಮ ಬಾಯಿಗೆ ಮೊದಲು ಬರೋ ಮಾತು. ಅದರ ಬದಲು, ‘ನಿನ್ನ ಲ್ಯಾಬಿನಲ್ಲಿ ಇವತ್ತು ಏನು ಮಾಡಿದೆ’ ಅಂತ ಒಂದು ವಾರ ಕೇಳಿ ನೋಡಿ. ಅವರ ಉಪಕರಣಕ್ಕೆ ಡೇಟಾ ತೆಗೆಯೋ ಒಂದು ಸ್ಕ್ರಿಪ್ಟ್ ಬೇಕಿರಬಹುದು, ಒಂದು ಸರ್ಕ್ಯೂಟ್ ಅರ್ಥ ಆಗದೆ ಇರಬಹುದು. ನಮಗೆ ಅರ್ಧ ಗಂಟೆಯ ಕೆಲಸ ಅದು. ಅವರಿಗೆ ಅದರಿಂದ ಒಂದು ತಿಂಗಳು ಉಳೀಬಹುದು.